ಗೂಬೆ ಮರಿಗೆ ನಾವು ಬಂದದ್ದು ತಿಳಿಯಬಾರದು

ದೀಪಾವಳಿ ಮುಗಿದು ಚಳಿ ಬೀಳತೊಡಗುವ ಹೊತ್ತಿಗೆ ಹಂಪಿ ಸೀಮೆಯ ಬಂಡೆಗುಡ್ಡಗಳಲ್ಲಿ ಕೊಂಬಿನ ಗೂಬೆಗಳ ಸಂಸಾರ ಶುರುವಾಗುತ್ತದೆ. ಕಮಲಾಪುರದಿಂದ ದರೋಜಿ ಕಡೆಗೆ ಹೋಗುವ ದಾರಿಯಲ್ಲಿ, ಕಂಪ್ಲಿ ರಸ್ತೆಯ ಗುಡ್ಡಗಳ ಮಗ್ಗುಲಲ್ಲಿ, ಸಂಡೂರು ಬೆಟ್ಟಸಾಲಿನ ಬುಡದಲ್ಲಿ ಮುಸ್ಸಂಜೆ ಹೊತ್ತು ಕಿವಿಗೊಟ್ಟು ನಿಂತರೆ ‘ಬು... ಬೋ’ ಎಂಬ ಆಳದ ದನಿ ಒಂದು ಗುಡ್ಡದಿಂದ ಏಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂಡೆಯಿಂದ ಅದಕ್ಕೆ ಮಾರುತ್ತರ. ನವೆಂಬರಿನಿಂದ ಏಪ್ರಿಲ್‌ವರೆಗೆ ಇವುಗಳ ಮರಿ ಮಾಡುವ ಕಾಲ. ಸಂಕ್ರಾಂತಿ ಆಸುಪಾಸಿನಿಂದ ಯುಗಾದಿಯವರೆಗೆ ಕಲ್ಲಿನ ಅಂಚುಗಳ ಮೇಲೆ ಮರಿಗಳು ಕಾಣಸಿಗುತ್ತವೆ. ಅದೇ ತಿಂಗಳುಗಳಲ್ಲಿ ಹೊಸಪೇಟೆಯ ವಸತಿಗೃಹಗಳಲ್ಲಿ ಮೊಳದುದ್ದದ ಲೆನ್ಸ್ ಹೊತ್ತ ಜನರೂ ಕಾಣಸಿಗುತ್ತಾರೆ.

ಬರುವುದು ತಪ್ಪಲ್ಲ. ಗೂಬೆ ಕಂಡರೆ ಅಪಶಕುನ ಎಂದು ಕಲ್ಲು ಬೀರುತ್ತಿದ್ದ ನಾಡಿನಲ್ಲಿ ಗೂಬೆ ನೋಡಲೆಂದೇ ರಾತ್ರಿ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರಿದ್ದಾರೆ ಎಂಬುದು ನನಗೆ ತುಂಬ ಸಂತೋಷದ ಸಂಗತಿ. ಆದರೆ ಮರಿಯ ಚಿತ್ರಕ್ಕೆ ಬೇರೆಯದೇ ಲೆಕ್ಕವಿದೆ. ದೊಡ್ಡ ಹಕ್ಕಿಗೆ ನಾವು ಬೇಡವಾದರೆ ಅದು ಹಾರಿ ಹೋಗುತ್ತದೆ. ಮರಿಗೆ ಆ ದಾರಿ ಇಲ್ಲ. ಅದು ನಮ್ಮನ್ನು ಸಹಿಸಿಕೊಂಡು ಕೂರಬೇಕು, ಇಲ್ಲವೇ ಅಂಚಿನಿಂದ ಕೆಳಗೆ ಬೀಳಬೇಕು. ಈ ಗುಡ್ಡಗಳಲ್ಲಿ ಕ್ಯಾಮೆರಾ ಹಿಡಿದು ತಿರುಗಿದ ಮೇಲೆ ನನಗೆ ಖಚಿತವಾದ ಮಾತು ಇಷ್ಟು: ನಾವು ಬಂದದ್ದೇ ತಿಳಿಯದ ಮರಿಯ ಚಿತ್ರ, ಬರೀ ಚಿತ್ರವೆಂದು ನೋಡಿದರೂ, ಹೆದರಿದ ಮರಿಯ ಚಿತ್ರಕ್ಕಿಂತ ಮೇಲು.

ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ. ಕಡ್ಡಿ ಇಲ್ಲ, ನಾರು ಇಲ್ಲ. ಬಂಡೆಯ ಚಾಚಿನ ಮೇಲೆ, ಮೇಲೊಂದು ಕಲ್ಲು ಕೊಡೆ ಹಿಡಿದಿರುವ ಜಾಗದಲ್ಲಿ, ಒಣಮಣ್ಣನ್ನು ತುಸು ಕೆದರಿ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಹಳ್ಳದ ಕಡಿದಾದ ದಂಡೆಯಲ್ಲಿ, ಕೆಲಸ ನಿಂತ ಕಲ್ಲುಕ್ವಾರಿಯ ಗೋಡೆಯಲ್ಲಿ, ಕೆಲವೊಮ್ಮೆ ಪೊದೆಯ ಬುಡದ ನೆಲದಲ್ಲೇ ಇಡುವುದೂ ಉಂಟು. ಸುಮಾರು ಐದು ವಾರ ಹೆಣ್ಣು ಕಾವು ಕೊಡುತ್ತದೆ. ಗಂಡು ಬೇಟೆಯಾಡಿ ತಂದು ಕೊಡುತ್ತದೆ. ಅರಮನೆ, ಗುಡಿಗಳಿಗೆ ಕಲ್ಲು ಒದಗಿಸಿದ ಹಂಪಿಯ ಬೆಣಚುಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿಸಿಲು, ಮಳೆ, ಗಾಳಿಗೆ ಸಿಕ್ಕಿ ಅದು ಒಡೆದು, ದುಂಡಾಗಿ, ಒಂದರ ಮೇಲೊಂದು ಒರಗಿ ನಿಂತಾಗ ಉಂಟಾದ ಸಂದು, ಪೊಟರೆ, ಚಾಚುಗಳೇ ಈ ಹಕ್ಕಿಯ ಮನೆಗಳು. ಗೂಬೆ ಇಲ್ಲಿ ಇಷ್ಟೊಂದು ನೆಮ್ಮದಿಯಾಗಿರಲು ಈ ಕಲ್ಲೇ ಕಾರಣ. ಹಾಗಾಗಿ ಕಲ್ಲನ್ನು ಬಿಟ್ಟು ಮುಖವನ್ನಷ್ಟೇ ತುಂಬಿಕೊಂಡ ಚಿತ್ರ ನನಗೆ ಅರೆಬರೆ ಎನಿಸುತ್ತದೆ. ಅಂಥ ಮುಖವನ್ನು ಯಾವುದಾದರೂ ಮೃಗಾಲಯದಲ್ಲೂ ತೆಗೆಯಬಹುದು.

ಮರಿಯನ್ನು ದೂರದರ್ಶಕದಲ್ಲಿ ಒಂದು ಗಂಟೆ ನೋಡಿದರೆ ಸಾಕು, ಹತ್ತಿರ ಹೋಗುವ ಆಸೆ ತಾನೇ ತಣ್ಣಗಾಗುತ್ತದೆ, ಅಷ್ಟು ಕಾಣಸಿಗುತ್ತದೆ. ಮೊಟ್ಟೆಯೊಡೆದು ಬಂದಾಗ ಮೈತುಂಬ ಬಿಳಿ ತುಪ್ಪುಳು, ಹಿಂಜಿಟ್ಟ ಹತ್ತಿಯ ಉಂಡೆಯ ಹಾಗೆ. ವಾರಗಳು ಕಳೆದಂತೆ ಬಿಳಿಯ ಮೇಲೆ ಕಂದು ಗೀರುಗಳು ಮೂಡುತ್ತವೆ, ರೆಕ್ಕೆಯ ಗರಿಗಳು ನೀಲಿಬೂದಿ ಕೊಳವೆಗಳಿಂದ ಹೊರಬರುತ್ತವೆ. ತಲೆಯ ಮೇಲಿನ ಕೊಂಬು, ಅಂದರೆ ಗರಿಯ ಜುಟ್ಟು, ಕೊನೆಗೆ ಬರುತ್ತದೆ. ಒಂದೇ ಚಾಚಿನ ಮರಿಗಳು ಒಂದೇ ಗಾತ್ರ ಇರುವುದಿಲ್ಲ, ಏಕೆಂದರೆ ಮೊದಲ ಮೊಟ್ಟೆ ಇಟ್ಟಾಗಲೇ ತಾಯಿ ಕಾವಿಗೆ ಕೂರುತ್ತದೆ. ದೊಡ್ಡದು ಮುಂದೆ ಕೂತು ರೆಕ್ಕೆ ಬಡಿದು ನೋಡುತ್ತಿದ್ದರೆ ಚಿಕ್ಕದು ಹಿಂದಿನ ನೆರಳಿನಲ್ಲಿ ಅಣ್ಣನಿಗೊರಗಿ ತೂಕಡಿಸುತ್ತಿರುತ್ತದೆ. ಗೂಬೆಗೆ ಕಣ್ಣುಗುಡ್ಡೆ ಅಲುಗಿಸಲು ಆಗದು. ನೋಡಬೇಕೆಂದರೆ ಕತ್ತನ್ನೇ ಹೊರಳಿಸಬೇಕು. ಮರಿ ಹಾರುವ ಕಾಗೆಯನ್ನೋ ಓಡುವ ಓತಿಯನ್ನೋ ಕಂಡಾಗ ತಲೆಯನ್ನು ಮೇಲೆ, ಕೆಳಗೆ, ಅಡ್ಡಕ್ಕೆ ಸುತ್ತಿಸಿ ದೂರ ಅಳೆಯುತ್ತದೆ. ಆ ಒಂದು ಆಟವನ್ನು ಹಿಡಿಯಲು ಎಷ್ಟು ಹೊತ್ತು ಕಾದರೂ ಬೇಸರವಾಗದು.

ಇನ್ನೊಂದು ಭಂಗಿಯೂ ಇದೆ. ತಲೆ ತಗ್ಗಿಸಿ, ಎರಡೂ ರೆಕ್ಕೆಗಳನ್ನು ಬೆನ್ನ ಹಿಂದಿನಿಂದ ಅಗಲವಾಗಿ ಹರಡಿ, ಕಿತ್ತಳೆ ಬಣ್ಣದ ಕಣ್ಣು ಬಿಟ್ಟು, ಕೊಕ್ಕನ್ನು ‘ಟಕ್ ಟಕ್’ ಎನಿಸಿ ಬುಸುಗುಡುವ ಭಂಗಿ. ಫೋನಿನಲ್ಲಿ ಹರಿದಾಡುವ ಗೂಬೆ ಮರಿಯ ‘ಅದ್ಭುತ’ ಚಿತ್ರಗಳಲ್ಲಿ ಬಹಳಷ್ಟು ಇಂಥವೇ. ಜನ ಹೊಗಳುತ್ತಾರೆ. ನಿಜಕ್ಕೂ ಅದು ಜೀವಭಯದ ಭಂಗಿ. ಓಡಲಾರದ, ಹಾರಲಾರದ ಮರಿ ತನ್ನನ್ನು ಇಮ್ಮಡಿ ದೊಡ್ಡದಾಗಿ ತೋರಿಸಿ ಶತ್ರುವನ್ನು ಹೆದರಿಸುವ ಕೊನೆಯ ಪ್ರಯತ್ನ. ಆ ಚಿತ್ರ ತೆಗೆದವರು ಆಗಲೇ ಹೋಗಬಾರದಷ್ಟು ಹತ್ತಿರ ಹೋಗಿದ್ದಾರೆ ಎಂದೇ ಅರ್ಥ. ಕ್ಯಾಮೆರಾ ಕಣ್ಣಿಗೆ ಹಿಡಿದವರಿಗೆ ಈ ಭಂಗಿ ಕಂಡ ಕ್ಷಣ ಮಾಡಬೇಕಾದ ಕೆಲಸ ಒಂದೇ, ಹಿಂದೆ ಸರಿಯುವುದು.

ಹಾಗಾದರೆ ಹುಡುಕುವುದು ಹೇಗೆ? ಬಂಡೆ ಹತ್ತಿ ಸಂದುಗೊಂದುಗಳಲ್ಲಿ ಇಣುಕುವುದು ಸಲ್ಲದು. ದೂರದಿಂದ ಓದಬಹುದಾದ ಗುರುತುಗಳಿವೆ. ಬೂದುಗೆಂಪು ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಇಳಿದ ಬಿಳಿ ಹಿಕ್ಕೆಯ ಗೆರೆ ಕಂಡರೆ ಮೇಲೆ ಹಕ್ಕಿ ಕೂರುವ ಜಾಗವಿದೆ. ಗುಡ್ಡದ ಬುಡದಲ್ಲಿ ಬೂದು ಬಣ್ಣದ ಒಣ ಉಂಡೆ ಬಿದ್ದಿದ್ದರೆ ಅದು ಗೂಬೆ ಕಾರಿದ ಉಂಡೆ. ಜೀರ್ಣವಾಗದ ಕೂದಲು, ಎಲುಬುಗಳನ್ನು ಗೂಬೆ ಹೀಗೆ ಉಗುಳುತ್ತದೆ. ಒಂದು ಕಡ್ಡಿಯಿಂದ ಬಿಡಿಸಿದರೆ ಒಳಗೆ ಇಲಿ ಹೆಗ್ಗಣಗಳ ತಲೆಬುರುಡೆ, ಹಳದಿ ಬಾಚಿಹಲ್ಲು, ಒಮ್ಮೊಮ್ಮೆ ಹಕ್ಕಿಯ ಕೊಕ್ಕು, ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪು. ಹಗಲಿನಲ್ಲಿ ಕಾಗೆ, ಕಾಜಾಣಗಳು ಒಂದೇ ಬಂಡೆಯ ಸುತ್ತ ಗಲಾಟೆ ಎಬ್ಬಿಸುತ್ತಿದ್ದರೆ ಅಲ್ಲಿ ನೋಡಬೇಕು.

ಇವೆಲ್ಲಕ್ಕಿಂತ ಹೆಚ್ಚು ತಿಳಿದವರು ಕುರಿ ಕಾಯುವವರು. ದರೋಜಿ ಕಡೆಯ ಒಂದು ಗುಡ್ಡದ ಕೆಳಗೆ ನಾನು ಬೇರೊಂದು ಬಂಡೆಯ ಕಡೆ ದೂರದರ್ಶಕ ಹಿಡಿದು ನಿಂತಿದ್ದಾಗ, ಕುರಿಹಿಂಡಿನ ಹಿಂದೆ ಬಂದ ವಯಸ್ಸಾದ ಕುರಿಗಾಹಿಯೊಬ್ಬರು ಕೋಲಿನಿಂದಲೇ ದಿಕ್ಕು ತೋರಿಸಿದರು. “ಅಲ್ಲಲ್ರೀ ಸರ, ಆ ಗೂಗಿ ಈ ಕಡಿ ಐತಿ. ಮರಿ ಅದಾವು, ಮ್ಯಾಲ ಹತ್ತಬ್ಯಾಡ್ರಿ” ಅಂದರು. ಅವರ ಕುರಿಗಳು ಚಾಚಿನ ನೇರ ಕೆಳಗೇ ಮೇಯ್ದು ಹೋದವು. ಮೇಲಿದ್ದ ತಾಯಿಗೂಬೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚಿತು. ದಿನಾ ಹೋಗುವ ಕುರಿ, ದಿನಾ ಬರುವ ಮನುಷ್ಯ ಅದಕ್ಕೆ ಗೊತ್ತು. ಹೊಸಬನೊಬ್ಬ ನಿಂತು ತನ್ನನ್ನೇ ದಿಟ್ಟಿಸಿದರೆ ಮಾತ್ರ ಅದು ಮೈ ಬಿಗಿಹಿಡಿದು ಕೊಂಬು ನೆಟ್ಟಗೆ ಮಾಡುತ್ತದೆ. ಹೆಚ್ಚು ಹೆದರಿದರೆ ಎದ್ದು ಹೋಗಿ ದೂರದ ಬಂಡೆಯ ಮೇಲೆ ಕೂರುತ್ತದೆ. ಕೆಲವೊಮ್ಮೆ ರೆಕ್ಕೆ ಮುರಿದವರ ಹಾಗೆ ನಟಿಸಿ ನಮ್ಮನ್ನು ಬೇರೆಡೆ ಸೆಳೆಯುತ್ತದೆ. ಅಷ್ಟು ಹೊತ್ತು ಮರಿ ಬಿಸಿಲಿನಲ್ಲಿ, ಹದ್ದು ಕಾಗೆಗಳ ಕಣ್ಣೆದುರು ಒಂಟಿ. ಮಾರ್ಚ್ ತಿಂಗಳ ಹೊಸಪೇಟೆಯ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ತುಪ್ಪುಳು ಮರಿ ಆ ಹೊತ್ತು ತಾಯಿಯ ನೆರಳನ್ನೇ ನಂಬಿರುತ್ತದೆ.

ಆ ಸಂಜೆ ನಾನು ಎದುರು ಗುಡ್ಡದ ಕಾರೆಗಿಡದ ಮರೆಯಲ್ಲಿ, ನಡುವೆ ಒಂದು ಒಣಹಳ್ಳ ಬಿಟ್ಟು ಕೂತೆ. ಸೂರ್ಯ ಇಳಿದ ಮೇಲೆ ಮೊದಲು ಎಚ್ಚೆತ್ತದ್ದು ಮರಿಗಳೇ. ಒಂದು ಮರಿ ಒಂದು ಕಾಲು, ಒಂದು ರೆಕ್ಕೆ ಒಟ್ಟಿಗೆ ಚಾಚಿ ಮೈಮುರಿಯಿತು. ಇನ್ನೊಂದು ಅಂಚಿಗೆ ನಡೆದು ಬಂದು ಕೆಳಗೆ ನೋಡಿತು. ಇವು ಹಾರಲು ಕಲಿಯುವ ಮೊದಲೇ ನಡೆದು ಚಾಚು ಬಿಡುತ್ತವೆ, ಆಮೇಲೂ ಸುಮಾರು ಆರು ತಿಂಗಳು ಅಪ್ಪ ಅಮ್ಮನ ಆಸರೆಯಲ್ಲೇ ಇರುತ್ತವೆ. ತಾಯಿ ಎದ್ದು ಮೇಲಿನ ಬಂಡೆಗೆ ಹೋಯಿತು. ಗಂಡು ಎಲ್ಲಿಂದ ಬಂತೋ ತಿಳಿಯಲಿಲ್ಲ. ಗೂಬೆಯ ರೆಕ್ಕೆಗರಿಯ ಮುಂಚೂಣಿ ಬಾಚಣಿಗೆಯ ಹಲ್ಲಿನಂತೆ ಸೀಳಿರುವುದರಿಂದ ಗಾಳಿ ಸದ್ದು ಮಾಡದೆ ಜಾರುತ್ತದೆ. ಅದರ ಕಾಲಲ್ಲಿ ಹೆಗ್ಗಣವಿತ್ತು. ಮರಿಗಳ ಎಳೆಯ, ಒರಟು ಕೂಗು ಹಳ್ಳದ ಈಚೆಗೂ ಕೇಳಿತು. ಚಿತ್ರದಲ್ಲಿ ಆಕಾಶದ ಕೊನೆಯ ಬೆಳಕು, ಎರಡು ದೊಡ್ಡ ಬಂಡೆ, ನಡುವೆ ಬೆರಳುದ್ದದ ನಾಲ್ಕು ಆಕೃತಿಗಳು. ಅದನ್ನು ಕಂಡವರು ಮೊದಲು ಕೇಳುವುದು ‘ಇದು ಯಾವ ಜಾಗ’ ಎಂದು. ಜಾಗ ಹೇಳುವುದಿಲ್ಲ, ಆದರೆ ಆ ಪ್ರಶ್ನೆ ನನಗೆ ಇಷ್ಟ. ಚಿತ್ರದಲ್ಲಿ ಹಕ್ಕಿಯ ಜೊತೆ ಅದರ ಊರೂ ಇದೆ ಎಂಬುದಕ್ಕೆ ಅದು ಸಾಕ್ಷಿ.

ಉಪಕರಣದ ಮಾತು ಚುಟುಕಾಗಿ ಮುಗಿಸುವೆ. 500, 600 ಮಿಲಿಮೀಟರಿನ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಂಡೆಯ ಸಮೇತ ಚಿತ್ರ ಕಟ್ಟಲು 300 ಕೂಡ ಸಾಲುತ್ತದೆ. ಟ್ರೈಪಾಡ್ ಬೇಕೇ ಬೇಕು, ಏಕೆಂದರೆ ಮುಸ್ಸಂಜೆಯಲ್ಲಿ ಶಟರ್ ವೇಗ ಮೂವತ್ತನೇ ಒಂದು ಸೆಕೆಂಡಿಗೆ ಇಳಿಯುತ್ತದೆ. ಕೂತ ಗೂಬೆ ಅಲುಗದ ಕಾರಣ ಅಷ್ಟು ವೇಗದಲ್ಲೂ ಚಿತ್ರ ಬರುತ್ತದೆ. ಐಎಸ್‌ಒ 3200, 6400ಕ್ಕೆ ಏರಿಸಲು ಹಿಂಜರಿಯಬೇಡಿ. ಇಂದಿನ ಕ್ಯಾಮೆರಾಗಳು ಸದ್ದಿಲ್ಲದ ಶಟರ್ ಕೊಡುತ್ತವೆ, ಅದನ್ನೇ ಬಳಸಿ. ಬೆಳಗಿನ ಬಿಸಿಲು ಬಿದ್ದ ಬಂಡೆ ಬೆಳ್ಳಗೆ ಹೊಳೆಯುತ್ತದೆ, ನೆರಳಿನ ಮರಿ ಕಪ್ಪಾಗುತ್ತದೆ. ಬೆಳಕು ಬಂಡೆಯನ್ನು ಬಿಟ್ಟ ಮೇಲಿನ ಹತ್ತು ನಿಮಿಷವೇ ಹದವಾದ ಸಮಯ. ಫ್ಲಾಶ್ ಮತ್ತು ಟಾರ್ಚ್ ಚೀಲದಲ್ಲೇ ಇರಲಿ. ಕತ್ತಲಿಗೆ ಹೊಂದಿದ ಕಣ್ಣಿಗೆ ಬೆಳಕು ಹೊಡೆದರೆ ಅದು ಮತ್ತೆ ಕತ್ತಲಿಗೆ ಹೊಂದಲು ಹೊತ್ತು ಹಿಡಿಯುತ್ತದೆ, ಆ ಹೊತ್ತು ಬೇಟೆಯ ಹೊತ್ತು. ಹಂಪಿಯ ಸಂರಕ್ಷಿತ ಸ್ಮಾರಕಗಳೊಳಗೆ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕೆಂಬುದೂ ನೆನಪಿರಲಿ.

ಗೂಬೆ ಮರಿಯ ಗೂಡಿನ ಹತ್ತಿರ ಹೋದವರಲ್ಲಿ ಜಗತ್ತಿಗೆ ಹೆಚ್ಚು ಗೊತ್ತಿರುವವರು ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್. 1937ರಲ್ಲಿ ವೇಲ್ಸ್‌ನಲ್ಲಿ, ಕತ್ತಲಲ್ಲಿ ತಮ್ಮ ಮರೆಗೂಡಿಗೆ ಹತ್ತುತ್ತಿದ್ದಾಗ, ಮರಿಗಳಿದ್ದ ಕಂದು ಕಾಡುಗೂಬೆ ಸದ್ದಿಲ್ಲದೆ ಎರಗಿ ಉಗುರು ಹೂಡಿತು. ಅವರು ಎಡಗಣ್ಣು ಕಳೆದುಕೊಂಡರು. ಆಗ ಅವರಿಗೆ 27 ವರ್ಷ. ಒಂದೇ ಕಣ್ಣಿನಲ್ಲಿ ಇನ್ನೂ ಅರ್ಧ ಶತಮಾನ ಹಕ್ಕಿಗಳ ಚಿತ್ರ ತೆಗೆದರು, ಹಕ್ಕಿ ಛಾಯಾಗ್ರಹಣಕ್ಕೆ ದಾರಿ ಹಾಕಿಕೊಟ್ಟರು. ಈ ಕಥೆಯನ್ನು ಛಾಯಾಗ್ರಾಹಕನ ಧೈರ್ಯಕ್ಕೆ ನಿದರ್ಶನವಾಗಿ ಹೇಳುವುದು ರೂಢಿ. ನನಗೆ ಇದರಲ್ಲಿ ಎದ್ದು ಕಾಣುವುದು ತಾಯಿ ಗೂಬೆ. ಮರಿಯ ವಿಷಯದಲ್ಲಿ ಅದು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಆ ರಾತ್ರಿ ಬರೆದಿಟ್ಟಿದೆ.

ವನ್ಯಜೀವಿಗಳ ಚಿತ್ರ ತೆಗೆಯುವುದರಲ್ಲಿ ನಮ್ಮ ಸೀಮೆಗೂ ಒಂದು ಹಿರಿಯ ಪರಂಪರೆ ಇದೆ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ (1931–2011) ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಮುಂದೆ ಪಂಚಾಯತ್ ರಾಜ್ ಖಾತೆ ನಡೆಸಿದವರು ಎಂಬುದು ಎಲ್ಲರಿಗೂ ಗೊತ್ತು. ಅವರು ದೇಶದ ಮೊದಲ ಸಾಲಿನ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು ಎಂಬುದು ಸಂಡೂರಿನ ಇಂದಿನ ಹುಡುಗರಿಗೇ ಅಷ್ಟಾಗಿ ತಿಳಿದಿಲ್ಲ. 1983ರಲ್ಲಿ ಹೊರಬಂದ ಅವರ ‘ಸನ್‌ಲೈಟ್ ಅಂಡ್ ಶಾಡೋಸ್’ ವನ್ಯಜೀವಿ ಛಾಯಾಗ್ರಾಹಕನ ದಿನಚರಿಯ ರೂಪದ ಪುಸ್ತಕ. ಅವರ ಹೆಸರು ನಿಂತಿರುವುದು ಕಪ್ಪು ಬಿಳುಪು ಚಿತ್ರಗಳಿಂದ. ಫಿಲ್ಮಿನ ಕಾಲ, ಒಂದು ರೋಲಿಗೆ ಮೂವತ್ತಾರು ಚಿತ್ರ. ಒಂದು ಗುಂಡಿ ಒತ್ತಿ ಸೆಕೆಂಡಿಗೆ ಇಪ್ಪತ್ತು ಚಿತ್ರ ಹೊಡೆಯುವ ಈಗಿನವರು ಆ ಚಿತ್ರಗಳನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಬಣ್ಣವಿಲ್ಲದೆ ಬರೀ ಬೆಳಕು ನೆರಳಿನಲ್ಲಿ ಪ್ರಾಣಿ ಮತ್ತು ಅದರ ಕಾಡು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸುವ ವಿದ್ಯೆ ಅಲ್ಲಿದೆ. ಬಂಡೆಗೂ ಗೂಬೆಗೂ ಬಣ್ಣದಲ್ಲಿ ಅಷ್ಟೇನೂ ಅಂತರವಿಲ್ಲದ ನಮ್ಮ ಗುಡ್ಡಗಳಲ್ಲಿ ಕೊಂಬಿನ ಗೂಬೆಯ ಚಿತ್ರ ಕಪ್ಪು ಬಿಳುಪಿನಲ್ಲಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗುಡ್ಡ ಹತ್ತಲಾಗದವರು ನಿರಾಶರಾಗಬೇಕಿಲ್ಲ. ಹೊಸಪೇಟೆಯ ಹಳೆಯ ಬಡಾವಣೆಗಳ ಬೇವು, ಹುಣಸೆಮರಗಳ ಪೊಟರೆಯಲ್ಲಿ ಹಾಲಕ್ಕಿಗಳಿವೆ. ಗೇಣುದ್ದದ ಈ ಚುಕ್ಕೆಗೂಬೆ ಮನುಷ್ಯರಿಗೆ ಒಗ್ಗಿದ ಹಕ್ಕಿ. ಫೆಬ್ರವರಿ, ಮಾರ್ಚಿನಲ್ಲಿ ಪೊಟರೆಯ ಬಾಯಲ್ಲಿ ಎರಡು ಮೂರು ಪುಟ್ಟ ತಲೆ ಸಾಲಾಗಿ ಕಾಣುತ್ತವೆ. ರಸ್ತೆಬದಿ ನಿಲ್ಲಿಸಿದ ಕಾರೊಳಗೆ ಕೂತೇ ಚಿತ್ರ ತೆಗೆಯಬಹುದು, ಕಾರನ್ನು ಅವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹೊಸದಾಗಿ ಕಲಿಯುವವರು ಇಲ್ಲಿಂದಲೇ ಶುರು ಮಾಡಲಿ.

ಕಂಪ್ಲಿಯ ಕಡೆಗೆ ಹೋದರೆ ಲೋಕವೇ ಬೇರೆ. ತುಂಗಭದ್ರೆಯ ನೀರು ಹರಿದ ಭತ್ತದ ಗದ್ದೆ, ಕಬ್ಬು, ಬಾಳೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಣಜಗೂಬೆ. ಹೃದಯದಾಕಾರದ ಬಿಳಿ ಮುಖದ ಈ ಹಕ್ಕಿ ಹಳೆಯ ಮನೆಯ ಅಟ್ಟ, ಅಕ್ಕಿ ಗಿರಣಿಯ ಮಾಡು, ಗುಡಿಯ ಗೋಪುರದ ಕತ್ತಲ ಗೂಡುಗಳಲ್ಲಿ ಮರಿ ಮಾಡುತ್ತದೆ. ಇದರ ಮರಿಗಳು ಹಾವಿನ ಹಾಗೆ ಬುಸುಗುಡುತ್ತವೆ. ಅಟ್ಟದಲ್ಲಿ ಹಾವಿದೆ, ದೆವ್ವವಿದೆ ಎಂಬ ಸುದ್ದಿ ಹಬ್ಬಿ ಗೂಡನ್ನೇ ಕಿತ್ತು ಹಾಕಿದ ಮನೆಗಳಿವೆ. ಒಂದೇ ಗೂಡಿನ ದೊಡ್ಡ ಮರಿ ತನ್ನ ಪಾಲಿನ ಇಲಿಯನ್ನು ಹಸಿದ ಚಿಕ್ಕ ಮರಿಗೆ ಬಿಟ್ಟುಕೊಡುವುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ದಾಖಲಿಸಿದ್ದಾರೆ. ಹಕ್ಕಿಗಳಲ್ಲಿ ಇದು ತೀರಾ ಅಪರೂಪ. ಮಲೇಷ್ಯಾದ ತಾಳೆಎಣ್ಣೆ ತೋಟಗಳಲ್ಲಿ ಇಲಿ ಹಿಡಿಸಲೆಂದೇ ಕಣಜಗೂಬೆಗೆ ಮರದ ಪೆಟ್ಟಿಗೆ ಕಟ್ಟಿ ಸಾಕಿಕೊಂಡಿದ್ದಾರೆ. ನಮ್ಮಲ್ಲಿ ಗದ್ದೆಗೆ ಇಲಿಪಾಷಾಣ ಹಾಕುತ್ತೇವೆ, ವಿಷ ತಿಂದು ತೂರಾಡುವ ಇಲಿಯನ್ನು ಗೂಬೆ ಮರಿಗೆ ಒಯ್ಯುತ್ತದೆ. ಕಂಪ್ಲಿಯ ರೈತನಿಗೆ ಗೂಬೆಯ ಚಿತ್ರ ತೋರಿಸುವಾಗ ಈ ಮಾತನ್ನೂ ಹೇಳುವ ಹೊಣೆ ಛಾಯಾಗ್ರಾಹಕನದು.

ನದಿಯ ದಡದಲ್ಲಿ ಮೀನುಗೂಬೆ ಇದೆ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಗೆ ಸಿಕ್ಕ ಆಸರೆ ಮೀನುಗೂಬೆಗೂ ಒದಗಿದೆ. ಇದು ಒಂದೋ ಎರಡೋ ಮರಿ ಮಾಡುವ ಹಕ್ಕಿ. ಒಂದು ಮರಿ ಹೋದರೆ ಆ ಜೋಡಿಯ ಒಂದು ವರ್ಷವೇ ಹೋಯಿತು.

ಈಗ ಕಹಿ ಮಾತು. ಮರಿ ಚೆನ್ನಾಗಿ ಕಾಣಲಿ ಎಂದು ಅಡ್ಡ ಬಂದ ಕೊಂಬೆ ಕಡಿಯುವವರಿದ್ದಾರೆ. ಆ ಕೊಂಬೆಯೇ ಹದ್ದಿನ ಕಣ್ಣಿನಿಂದ ಮರಿಯನ್ನು ಕಾಯುತ್ತಿತ್ತು. ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಕರೆಯುವವರಿದ್ದಾರೆ. ತನ್ನ ಸೀಮೆಗೆ ಪರಕೀಯ ಗಂಡು ಬಂತೆಂದು ಅದು ಬೇಟೆ ಬಿಟ್ಟು ರಾತ್ರಿಯಿಡೀ ಕೂಗಿ ದಣಿಯುತ್ತದೆ. ಹಣ ತೆಗೆದುಕೊಂಡು ಗೂಡಿನ ಬುಡಕ್ಕೇ ಗುಂಪು ಕರೆದೊಯ್ಯುವವರೂ ಹುಟ್ಟಿಕೊಂಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಡುವ ವ್ಯಾಖ್ಯೆಯನ್ನು ಇವರು ಓದಬೇಕು. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಅದರ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಆ ವ್ಯಾಖ್ಯೆಯಲ್ಲಿ ಬೇಟೆಯೇ. ಕೋವಿ ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಕಾನೂನು ಅಲ್ಲಿ ಭೇದ ಮಾಡಿಲ್ಲ. ಛಾಯಾಗ್ರಹಣ ಲೋಕವೂ ಎಚ್ಚೆತ್ತಿದೆ. ದೇಶದ ಹಲವು ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿವೆ. ಸರಿಯಾದ ಹೆಜ್ಜೆ.

ಜಾಗದ ಗುಟ್ಟಂತೂ ಇನ್ನೂ ದೊಡ್ಡದು. ಮಾಟ ಮಂತ್ರ, ನಿಧಿ, ದೀಪಾವಳಿಯ ಬಲಿಗಾಗಿ ಗೂಬೆಗಳನ್ನು ಹಿಡಿದು ಮಾರುವ ಜಾಲ ನಮ್ಮ ದೇಶದಲ್ಲಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆ 2010ರಲ್ಲಿ ಇದರ ಬಗ್ಗೆಯೇ ವರದಿ ಹೊರತಂದಿತು. ಕೊಂಬುಳ್ಳ ದೊಡ್ಡ ಗೂಬೆಗೆ ಆ ಸಂತೆಯಲ್ಲಿ ಬೇಡಿಕೆ ಹೆಚ್ಚು. ಮರಿಯ ಚಿತ್ರದ ಜೊತೆ ಗುಡ್ಡದ ಹೆಸರು ಬರೆದು ಹಾಕಿದರೆ ಹಾರಲಾರದ ಮರಿಗಳ ವಿಳಾಸವನ್ನು ಅವರ ಕೈಗೆ ಕೊಟ್ಟಂತೆ. ನೀವು ಬರೆಯದಿದ್ದರೂ ಫೋನು ಚಿತ್ರದೊಳಗೆ ಜಾಗದ ಗುರುತು ಸೇರಿಸಿರುತ್ತದೆ, ಹಂಚುವ ಮೊದಲು ಅದನ್ನು ಅಳಿಸಿ. ಇದರ ನಡುವೆ ಗುಡ್ಡಗಳೇ ಕರಗುತ್ತಿವೆ ಎಂಬುದನ್ನೂ ಹೇಳಬೇಕು. ಜಲ್ಲಿಗಾಗಿ, ಗ್ರಾನೈಟ್ ಚಪ್ಪಡಿಗಾಗಿ ಸಿಡಿಮದ್ದು ಇಟ್ಟ ಬಂಡೆ ಮತ್ತೆ ಹುಟ್ಟುವುದಿಲ್ಲ. ಇಂಥ ಕಲ್ಲುಗುಡ್ಡಕ್ಕೆ ಕಾನೂನಿನ ಆಸರೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನೋಡಲು 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮಕ್ಕೆ ಹೋಗಿ. ಕರಡಿಗೆಂದು ಉಳಿಸಿದ ಕಲ್ಲು ಗೂಬೆಗೂ, ಹಳದಿ ಕತ್ತಿನ ಪಿಕಳಾರಕ್ಕೂ, ಚಿರತೆಗೂ ನೆಲೆಯಾಗಿದೆ. ಅದೇ ಕಾರಣಕ್ಕೆ ಒಂದು ಎಚ್ಚರಿಕೆ ಕೂಡ. ಗೂಬೆ ಏಳುವ ಹೊತ್ತಿಗೇ ಕರಡಿಯೂ ಗವಿಯಿಂದ ಹೊರಡುತ್ತದೆ. ಕತ್ತಲಾದ ಮೇಲೆ ಒಬ್ಬರೇ ಬಂಡೆಗಳ ನಡುವೆ ಇರಬೇಡಿ. ಧಾಮದೊಳಗೆ ಅರಣ್ಯ ಇಲಾಖೆ ಹೇಳಿದ ಸಮಯ, ಹೇಳಿದ ಜಾಗ ಮೀರಬೇಡಿ.

ಮಾರ್ಚ್ ತಿಂಗಳಲ್ಲಿ ಗುಡ್ಡದ ಬುಡದಲ್ಲೋ ಹೊಲದ ಬದುವಿನಲ್ಲೋ ಗೂಬೆ ಮರಿ ಒಂಟಿಯಾಗಿ ಕೂತದ್ದು ಕಂಡರೆ ಅದು ಅನಾಥವಾಗಿದೆ ಎಂದು ಎತ್ತಿ ಮನೆಗೆ ತರಬೇಡಿ. ಹೆಚ್ಚಿನ ಸಲ ಅದು ತಾನೇ ನಡೆದು ಬಂದಿರುತ್ತದೆ, ಅಪ್ಪ ಅಮ್ಮ ಹತ್ತಿರದ ಬಂಡೆಯಿಂದ ನೋಡುತ್ತಿರುತ್ತವೆ, ಕತ್ತಲಾದ ಮೇಲೆ ಉಣಿಸಲು ಬರುತ್ತವೆ. ನಾಯಿಗಳನ್ನು ಓಡಿಸಿ, ಜನ ಸೇರದಂತೆ ನೋಡಿಕೊಂಡು ದೂರ ಸರಿಯಿರಿ. ಮೈಯಲ್ಲಿ ಗಾಯವಿದ್ದರೆ, ಗಾಳಿಪಟದ ಮಾಂಜಾಕ್ಕೋ ಮುಳ್ಳುತಂತಿಗೋ ಸಿಕ್ಕಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇಲಾಖೆಯವರು ಬರುವವರೆಗೆ ನೀರು ಕುಡಿಸಲು, ಮಾಂಸ ತಿನ್ನಿಸಲು ಹೋಗದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಡಿ.